ಬೆಲೆ ಮಿತಿಯ ವಿಚಾರವಾಗಿ ಪುಟ್ಟಿಗೆ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಹೇಳಿಯೇ ಇರುತ್ತಾಳೆ, ಬಿಡು. ನಿನ್ನ ಕಾಗದದ ಒಂದು ಸಾಲು ಮಾತ್ರ ಮನಸ್ಸು ಬಿಟ್ಟು ಹೋಗುತ್ತಿಲ್ಲ. ಇಷ್ಟಕ್ಕಿಂತ ಹೆಚ್ಚಿಗೆ ಮಾರಬಾರದೆಂಬ ಬೆಲೆ ಮಿತಿಯ ಸರ್ಕಾರಿ ಆದೇಶದ ಕರಡಿಗೆ ನೀನು ಬೇಡ ಎಂದು ಬರೆದರೆ, ಕಾಸಿಲ್ಲದವರ ಉಪವಾಸಕ್ಕೆ ನೀನೇ ಕಾರಣಳಾಗುತ್ತೀಯೇನೋ ಅಂತ.

ಆ ಭಯ ಸುಳ್ಳಲ್ಲ. 1943ರ ಬಂಗಾಳದ ಕ್ಷಾಮದಲ್ಲಿ ಅಕ್ಕಿ ಪೂರ್ತಿ ಇಲ್ಲದೆ ಅಲ್ಲ, ಬೆಲೆಯಷ್ಟು ಕೂಲಿ ಏರದೆ ಜನ ಸತ್ತರು ಎಂಬುದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರ ವಾದ. ಹಣವಿಲ್ಲದವನ ಹಸಿವು ಮಾರುಕಟ್ಟೆಯ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮಿತಿ ಹಾಕಿದರೆ ಆ ಹಸಿವು ನೀಗುತ್ತದೆಯೇ?

ನೂರು ಚೀಲ ಧಾನ್ಯವಿದೆ, ಬೇಕಾದ್ದು ನೂರೈವತ್ತು ಅಂದುಕೋ. ಆದೇಶ ಹೊರಟರೂ ಚೀಲ ನೂರೇ. ಬರಿಗೈಲಿ ಹೋಗುವವರು ಯಾರು ಎಂಬುದನ್ನು ಸರದಿ, ಪರಿಚಯ, ಲಂಚ ತೀರ್ಮಾನಿಸುತ್ತವೆ. ಅಂಗಡಿಯವನು 'ಸ್ಟಾಕ್ ಇಲ್ಲ' ಅನ್ನುತ್ತಾನೆ, ಮಾಲು ಹಿಂಬಾಗಿಲಿಂದ ಹೋಗುತ್ತದೆ. ಸಿಕ್ಕಿದ್ದರಲ್ಲೂ ತೂಕ ಕಡಿಮೆ, ಕಲ್ಲು ಜಾಸ್ತಿ. ಮುಂದಿನ ಬೆಳೆಗೆ ರೈತ ಬೇರೇನೋ ಬಿತ್ತುತ್ತಾನೆ, ನೂರು ಎಂಬತ್ತಾಗುತ್ತದೆ. ಜಿಂಬಾಬ್ವೆಯಲ್ಲಿ 2007ರಲ್ಲಿ ಬೆಲೆ ಅರ್ಧಕ್ಕಿಳಿಸಿ ಎಂದು ಆಜ್ಞೆಯಾಯಿತು. ಅಂಗಡಿಗಳು ಖಾಲಿಯಾದವು, ಉಪವಾಸ ಬಿದ್ದವರು ಮತ್ತೆ ಅದೇ ಬಡವರು.

ಹಾಗಂತ ಎಲ್ಲವನ್ನೂ ಬಿಟ್ಟುಬಿಡು ಅನ್ನಲಾರೆ. ನಮ್ಮ ಪ್ರಾಯದಲ್ಲಿ ಇದೊಂದು ಪಕ್ಷದ ಜಗಳವಾಗಿತ್ತು, ಈ ಕಡೆಯೋ ಆ ಕಡೆಯೋ. ಎಷ್ಟು ಜನ ಮಾರುವವರು ಅಂತ ಕೇಳುವವರೇ ಇರಲಿಲ್ಲ. ಆ ಕೊರಗು ಹಾಗೇ ಉಳಿದಿದೆ. ವಿದ್ಯುತ್ ತಂತಿ, ನೀರಿನ ಕೊಳವೆಯಂಥ ಕಡೆ ಮಾರುವವನು ಒಬ್ಬನೇ. ಬೇಕೆಂದೇ ಕಡಿಮೆ ಮಾರಿ ಬೆಲೆ ಏರಿಸುವ ಅಂಥವನಿಗೆ, ಖರ್ಚು ಕಳೆದು ತಕ್ಕ ಲಾಭ ಉಳಿಯುವಂತೆ ದರ ಕಟ್ಟಿದರೆ ಪೂರೈಕೆ ತಗ್ಗುವುದಿಲ್ಲ, ಹೆಚ್ಚಲೂಬಹುದು. ಅರ್ಧಂಬರ್ಧ ಕೆಲಸವೇ ಅಪಾಯ. ಕ್ಯಾಲಿಫೋರ್ನಿಯಾ ವಿದ್ಯುತ್ತಿನ ಸಗಟು ದರವನ್ನು ಏರಲು ಬಿಟ್ಟು ಚಿಲ್ಲರೆ ದರವನ್ನು ಹಿಡಿದಿಟ್ಟಿತು; ದುಬಾರಿಗೆ ಕೊಂಡು ಅಗ್ಗಕ್ಕೆ ಮಾರಿದ ಅಲ್ಲಿನ ವಿದ್ಯುತ್ ಕಂಪನಿ ಪಿಜಿ ಅಂಡ್ ಇ 2001ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಮತ್ತೆ ನಿನ್ನ ಉಪವಾಸದ ಮಾತಿಗೇ ಬರುತ್ತೇನೆ. ನಿನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ಹೇಳುತ್ತೇನೆ: ಬೆಲೆ ಮುಟ್ಟುವ ಮೊದಲು ಕಾಸಿಲ್ಲದ ಮನೆಗಳ ಕೈಗೆ ಹಣ ಸೇರಿಸುವ ದಾರಿ ನೋಡು. ಹೊರಗಿನ ಮಾಲು ಬರಲಾಗದ ಕಡೆ ಮಾತ್ರ ಹಣ ಹಂಚಬೇಡ, ಬೆಲೆ ಏರುತ್ತದೆ ಅಷ್ಟೆ. ಅಲ್ಲಿ ಆಳಿಗಿಷ್ಟು ಎಂದು ಧಾನ್ಯವನ್ನೇ ಕೊಡಬೇಕು. ಮಿತಿ ಹಾಕಲೇಬೇಕಾಗಿ ಬಂದರೆ, ಮುಗಿಯುವ ತಾರೀಕನ್ನೂ ಆದೇಶದಲ್ಲೇ ಬರೆಸು. ಯುದ್ಧಕಾಲಕ್ಕೆಂದು 1943ರಲ್ಲಿ ನ್ಯೂಯಾರ್ಕಿಗೆ ಬಂದ ಬಾಡಿಗೆ ನಿಯಂತ್ರಣ ಕೆಲವು ಮನೆಗಳ ಮೇಲೆ ಇಂದಿಗೂ ಇದೆ.

ಇರುವ ದಾಸ್ತಾನು ಎಷ್ಟು ದಿನಕ್ಕೆ ಬರುತ್ತದೆ ಅಂತ ಯಾರಾದರೂ ಲೆಕ್ಕ ಕೊಟ್ಟಿದ್ದಾರಾ? ಸಹಿ ಹಾಕುವ ಮೊದಲು ಅದನ್ನು ತರಿಸಿಕೋ.

ದೊಡ್ಡಪ್ಪ