ಕ್ಯಾಸೆಟ್ಟಿನ ಕೊನೆಗೆ ಉಳಿದದ್ದು

ಪುಟ್ಟೀ,

ನಿನ್ನ ಕಾಗದದ ಒಂದು ಸಾಲು ಎರಡು ದಿನದಿಂದ ನನ್ನ ಬಿಟ್ಟಿಲ್ಲ. ‘ದೊಡ್ಡಪ್ಪ, ನಾನು ಇಲ್ಲಿನ ಮುತ್ತಿನ ದೋಣಿಯವರ ಫಿಜಿರಿ ಹಾಡು ರೆಕಾರ್ಡ್ ಮಾಡಿ ಮುಗಿಸೋದ್ರೊಳಗೆ ಈ ಅಜ್ಜಂದಿರೇ ಇರಲ್ವೇನೋ.’ ಮಿಕ್ಕ ಸುದ್ದಿ ನಿಮ್ಮಮ್ಮ ಹೇಳಿದ್ದಾಳೆ, ಬಿಡು.

ಫಿಜಿರಿ 2021ರಲ್ಲೇ ಯುನೆಸ್ಕೊದ ಪರಂಪರೆ ಪಟ್ಟಿಗೆ ಸೇರಿದೆಯಲ್ಲ, ಇನ್ನೇನು ಭಯ ಅಂತ ಮೊದಲು ಬರೆದೆ. ಆಮೇಲೆ ಹೊಡೆದು ಹಾಕಿದೆ. ಪಟ್ಟಿ ಹಾಡುತ್ತದಾ?

ಎಂಬತ್ತರ ದಶಕದಲ್ಲಿ ನಾನು ಬಹ್ರೇನ್‌ನಲ್ಲಿದ್ದಾಗ ಮುಹರ್ರಕ್‌ನ ನಮ್ಮ ಓಣಿಯಲ್ಲೊಬ್ಬ ಅಜ್ಜ ಇದ್ದರು. ಅಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿತಲ್ಲ, ಅದಕ್ಕೂ ಮೊದಲು ಅವರು ಮುತ್ತಿನ ದೋಣಿಯಲ್ಲಿ ಸೈಬ್. ಅಂದರೆ ಮುಳುಗಿದವನನ್ನು ಹಗ್ಗ ಹಿಡಿದು ಮೇಲೆಳೆಯುವವರು. ಬೆರಳು ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ. ‘ಮುತ್ತು ಬಾಂಬೆಗೆ ಹೋಗ್ತಿತ್ತು, ಅಪ್ಪನ ಸಾಲ ನನಗೆ ಬಂತು’ ಅಂತ ಅರೆಬರೆ ಹಿಂದಿಯಲ್ಲಿ ನಗುತ್ತಿದ್ದರು.

ಒಂದು ರಾತ್ರಿ ನನ್ನನ್ನು ‘ದಾರ್’ಗೆ, ಅಂದರೆ ಹಾಡುವವರು ಸೇರುವ ಮನೆಗೆ, ಕರೆದುಕೊಂಡು ಹೋದರು. ಎಲ್ಲರೂ ಸುತ್ತ ಕೂತಿದ್ದರು. ಒಬ್ಬ ಜಹಲದ ಬಾಯಿಗೆ, ಅದೇ ಮಣ್ಣಿನ ಗಡಿಗೆ, ಅಂಗೈ ಬಡಿಯುತ್ತಿದ್ದ. ಮುಖ್ಯ ಹಾಡುಗಾರ, ನಹ್ಹಾಮ್, ದನಿ ಎತ್ತಿದ. ಉಳಿದವರ ಗಂಟಲಿನಿಂದ ಗುಂಯ್ ಅಂತ ಎಷ್ಟು ತಗ್ಗಿನ ಸದ್ದು ಬಂತೆಂದರೆ, ಕೂತ ಚಾಪೆಯೇ ನಡುಗಿದಂತಾಯಿತು. ಕ್ಯಾಸೆಟ್ಟಿನ ಒಂದು ಕಡೆ ಪೂರ್ತಿ ರೆಕಾರ್ಡ್ ಮಾಡಿಕೊಂಡೆ.

ಮುಂದಿನ ವಾರ ಊರಿಗೆ ಮಾತು ತುಂಬಿ ಕಳಿಸಲು ಖಾಲಿ ಕ್ಯಾಸೆಟ್ ಇರಲಿಲ್ಲ. ಅದರ ಮೇಲೆಯೇ ಮಾತಾಡಿ ಕಳಿಸಿಬಿಟ್ಟೆ. ಇನ್ನೊಂದು ಸಲ ಹೋದರಾಯಿತು ಅಂದುಕೊಂಡಿದ್ದೆ. ಹೋಗಲೇ ಇಲ್ಲ. ಓವರ್‌ಟೈಮ್ ಆಸೆ. ಅಜ್ಜ ತೀರಿಕೊಂಡಾಗ ನಾನು ರಜೆಯಲ್ಲಿ ಊರಲ್ಲಿದ್ದೆ.

ನಿನ್ನ ಭಯ ಸುಳ್ಳು ಅಂತ ಹೇಗೆ ಹೇಳಲಿ? ಅವರು ಹೋಗುತ್ತಾರೆ ಪುಟ್ಟೀ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಒಳ್ಳೆ ಮೈಕ್ ಬರಲಿ ಅಂತ ಮಾತ್ರ ಕಾಯಬೇಡ, ಫೋನ್ ಸಾಕು. ಹಾಡು ಮುಗಿದರೂ ಆಫ್ ಮಾಡಬೇಡ. ಚಹಾ ಕುಡೀತಾ ಅವರು ಬೈದಾಡೋದರಲ್ಲೇ ಜಾಸ್ತಿ ವಿಷಯ ಇರುತ್ತದೆ. ಮಿರ್ವಾಸ್ ಅನ್ನೋ ಸಣ್ಣ ಡೋಲು ಬಾರಿಸುವ ಒಬ್ಬ ಹುಡುಗನ ಬಗ್ಗೆ ಬರೆದಿದ್ದೆಯಲ್ಲ, ಅವನ ಕೈಯನ್ನೂ ವಿಡಿಯೊ ಮಾಡು. ಕ್ಯಾಸೆಟ್ ಅಳಿಸಿದವನು ಇದನ್ನೆಲ್ಲ ಹೇಳಬಾರದು, ಗೊತ್ತು.

ಆಗ ನಿನ್ನಜ್ಜಿ ನಿಮ್ಮಪ್ಪನ ಕೈಲಿ ಬರೆಸಿದ್ದರು: ‘ನಿನ್ನ ಮಾತು ಮುಗಿದ ಮೇಲೆ ಯಾರೋ ನರಳಿದ ಹಾಗೆ ಕೇಳಿಸುತ್ತೆ. ಮೈ ಹುಷಾರಿದ್ದೀಯಾ?’ ಅದು ಅಳಿಸದೆ ಉಳಿದ ತುಣುಕು. ನಿನ್ನೆ ಅಟ್ಟದಿಂದ ಇಳಿಸಿ ಹಾಕಿ ನೋಡಿದೆ. ಎರಡು ನಿಮಿಷವೂ ಇಲ್ಲ. ಫೋನಿಗೆ ಹಾಕಿ ಕಳಿಸುತ್ತೇನೆ. ಅಲ್ಲಿ ಯಾರಾದರೂ ದನಿ ಗುರುತು ಹಿಡಿಯುತ್ತಾರಾ, ಕೇಳಿ ನೋಡು.

ನಿನ್ನ
ದೊಡ್ಡಪ್ಪ