ಅಡಿಕೆ ಚಪ್ಪರದವರಿಗೆ, ಅತ್ತಿಗೆಗೆ, ಎಲ್ಲರಿಗೂ

ಕಳೆದ ವಾರ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ, ನನ್ನ ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗಿಯಿತು. ಏಳು ವರ್ಷದ ಪಿಎಚ್‌ಡಿ ಕೊನೆಗೂ ಕೈಗೆ ಬಂತು. ಫೋನ್ ಮಾಡಿದವರಿಗೆಲ್ಲ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ, ಗಂಟಲು ಕಟ್ಟುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ವಿಷಯ ರಾಜಕೀಯ ಸಂವಹನ. ಚುನಾವಣೆಯ ಮಾತು ಜನರಿಗೆ ಯಾರಿಂದ ಮುಟ್ಟುತ್ತದೆ, ಮುಟ್ಟಿದ ಮೇಲೆ ಏನಾಗುತ್ತದೆ ಅನ್ನೋದು. 1940ರಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಅಮೆರಿಕದ ಓಹಿಯೋದಲ್ಲಿ ಸುಮಾರು 600 ಮತದಾರರನ್ನು ಮೇ ತಿಂಗಳಿಂದ ನವೆಂಬರ್‌ವರೆಗೆ ಮತ್ತೆ ಮತ್ತೆ ಮಾತಾಡಿಸಿದರು. ರೇಡಿಯೊ, ಪತ್ರಿಕೆಗಿಂತ ಪರಿಚಯದವರ ಮಾತೇ ಜಾಸ್ತಿ ನಾಟುತ್ತದೆ ಎಂದು ಅವರಿಗೆ ಕಂಡಿತು. ನಮ್ಮ ಕಡೆ ಹೇಗಿದೆ ನೋಡೋಣ ಎಂದು ನಾನು ಚನ್ನಗಿರಿ ತಾಲ್ಲೂಕಿಗೆ ಹೋದೆ.

ಎರಡು ತಿಂಗಳು ಏನೂ ಸಿಗಲಿಲ್ಲ. "ನಮಗೇನು ಗೊತ್ತವ್ವ, ಯಜಮಾನ್ರನ್ನ ಕೇಳು" ಎನ್ನುತ್ತಿದ್ದರು ಹೆಂಗಸರು. ಒಂದು ರಾತ್ರಿ ಅಡಿಕೆ ಸುಲಿಯುವ ಚಪ್ಪರದಲ್ಲಿ ಅಜ್ಜಿಯೊಬ್ಬರು ನನ್ನ ಪ್ರಶ್ನೆ ಹಾಳೆಯನ್ನು ಕಿತ್ತು ಚೀಲದಡಿ ಇಟ್ಟು, ಮೆಟ್ಟುಗತ್ತಿ ಮುಂದೆ ಕೂರಿಸಿದರು. ಬೆರಳೆಲ್ಲ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಮಾತು ತಾನಾಗೇ ಬಂತು. "ಟೀವೀಲಿ ಹೇಳಿದ್ದೂ ಕೇಳ್ತೀವಿ. ಆದ್ರೆ ಸಂಘದ ಅಕ್ಕ ಏನಂತಾಳೆ ನೋಡ್ಕೊಂಡೇ ತೀರ್ಮಾನ." ಐದನೇ ಅಧ್ಯಾಯ ಪೂರ್ತಿ ಆ ಚಪ್ಪರದ್ದು. ಅಜ್ಜೀ, ನಿಮ್ಮ ಕಾಲಿಗೆ ನಮಸ್ಕಾರ.

ಕನ್ನಡದಲ್ಲಿ ಬರೆದರೆ ಯಾರು ಓದ್ತಾರೆ ಎಂದು ಹಿರಿಯರೊಬ್ಬರು ಹೇಳಿದಾಗ ಕುಗ್ಗಿ ಹೋಗಿದ್ದೆ. ನನ್ನ ಗೈಡ್ ಒಂದೇ ಮಾತು ಹೇಳಿದರು: "ಜೆ.ಎಚ್. ಪಟೇಲರ ಕಾರಿಗನೂರು ನೀನು ಓಡಾಡೋ ತಾಲ್ಲೂಕಿನದೇ ಅಲ್ವಾ?" 1967ರಲ್ಲಿ ಲೋಕಸಭೆಗೆ ಆರಿಸಿ ಹೋಗಿ, ಅಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದವರು ಪಟೇಲರು. ಅವತ್ತೇ ಮನೆಗೆ ಬಂದು ಮೊದಲ ಪುಟ ಕನ್ನಡದಲ್ಲಿ ಬರೆದೆ. ಸರ್, ಆ ಸಂಜೆಗೆ ನಾನು ಋಣಿ.

ನಡುವೆ ಅಮ್ಮನಿಗೆ ಲಕ್ವ ಹೊಡೆಯಿತು. ಎರಡು ವರ್ಷ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಅತ್ತಿಗೆ ಬಂದು, "ಅತ್ತೆನ ನಾನು ನೋಡ್ಕೋತೀನಿ, ನೀನು ಮೇಲೆ ಹೋಗಿ ಓದು" ಎಂದರು. ದಿನಾ ಬೆಳಗ್ಗೆ ಹತ್ತರಿಂದ ಒಂದು ಗಂಟೆವರೆಗೆ ನನ್ನನ್ನು ಕೆಳಗೆ ಕರೆಯಲೇ ಇಲ್ಲ. ಈ ಡಿಗ್ರಿಯಲ್ಲಿ ಅರ್ಧ ಅವರದು.

ಪಿ.ಬಿ. ರಸ್ತೆಯ ಡಿಟಿಪಿ ಅಂಗಡಿಯ ಹುಡುಗಿಗೂ ಥ್ಯಾಂಕ್ಸ್. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯಿಂದ ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದವು. ಅವಳು ನಾಲ್ಕು ರಾತ್ರಿ ಕೂತು ಒಂದೊಂದೇ ಸರಿ ಮಾಡಿದಳು. ಜಾಸ್ತಿ ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ.

ಅಡಿಕೆ ಕೊಯ್ಲು ಶುರುವಾದ ಕೂಡಲೇ ಥೀಸಿಸ್‌ನ ಒಂದು ಪ್ರತಿ ಹಿಡಿದು ಚಪ್ಪರಕ್ಕೆ ಹೋಗುತ್ತೇನೆ. ಅಜ್ಜಿಗೆ ಕಣ್ಣು ಮಂಜಾಗಿದೆಯಂತೆ. ಐದನೇ ಅಧ್ಯಾಯವನ್ನು ಸಂಘದ ಅಕ್ಕನ ಕೈಲೇ ಓದಿಸು ಎಂದು ಹೇಳಿ ಕಳಿಸಿದ್ದಾರೆ.