ಸೋಡಿಯಂ ತ್ಯಾಗ ಮಾಡುವುದಿಲ್ಲ, ಮಗಾ

ಕರ್ತನಲ್ಲಿ ಪ್ರಿಯನಾದ ಮಗನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಸ್ಲೈಡುಗಳನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಫಸ್ಟ್ ಪಿಯು ಮಕ್ಕಳಿಗೆ ರಾಸಾಯನಿಕ ಬಂಧದ ಅಧ್ಯಾಯ, ಹೊಸ ಕಂಪ್ಯೂಟರ್ ಲ್ಯಾಬು, ಗುಂಪುಗಳಾಗಿ ಕೂತು ಒಂದೇ ಗೂಗಲ್ ಸ್ಲೈಡಿನಲ್ಲಿ ಎಲ್ಲರೂ ಬರೆಯುವ ಏರ್ಪಾಡು, ಎಲ್ಲ ಹಿಡಿಸಿತು. ನಮ್ಮ ಕಾಲದಲ್ಲಿ ಬಣ್ಣದ ಸೀಮೆಸುಣ್ಣ ಸಿಕ್ಕರೆ ಅದೇ ಹಬ್ಬ. ಆದರೆ ಐದನೇ ಸ್ಲೈಡಿಗೆ ಬಂದಾಗ ಕನ್ನಡಕ ತೆಗೆದಿಟ್ಟೆ. ಸೋಡಿಯಂ ಪ್ರೀತಿಯಿಂದ ತನ್ನ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಡುತ್ತದೆ, ನಾವೂ ಹಾಗೆ ಕೊಡುವವರಾಗಬೇಕು, ಕೆಳಗೆ ಕೊಲೊಸ್ಸೆಯವರಿಗೆ ಬರೆದ ಪತ್ರದ ವಚನ. ಮ್ಯಾನೇಜ್‌ಮೆಂಟಿನವರು ಎಲ್ಲ ವಿಷಯದಲ್ಲೂ ಕ್ರಿಸ್ತೀಯ ಮೌಲ್ಯ ಕಾಣಬೇಕು ಅಂದಿದ್ದಾರೆ, ಅದಕ್ಕೆ ಹಾಕಿದೆ ಅಂತ ಬರೆದಿದ್ದೀ. ಅಭಿಪ್ರಾಯ ಕೇಳಿದ್ದೀಯಲ್ಲ, ಹೇಳುತ್ತೇನೆ: ಆ ಸ್ಲೈಡನ್ನು ತೆಗೆದುಹಾಕು.

ಅದು ರಸಾಯನಶಾಸ್ತ್ರವಾಗಿಯೇ ತಪ್ಪು. ನಿಮ್ಮ ಎನ್‌ಸಿಇಆರ್‌ಟಿ ಪುಸ್ತಕದಲ್ಲೇ ಲೆಕ್ಕ ಇದೆ. ಅನಿಲರೂಪದ ಸೋಡಿಯಂನಿಂದ ಒಂದು ಎಲೆಕ್ಟ್ರಾನ್ ಕೀಳಬೇಕಾದರೆ ಮೋಲ್‌ಗೆ 495.8 ಕಿಲೋಜೂಲ್ ಕೊಡಬೇಕು. ಅದು ತಾನಾಗಿ ಕೊಡುವುದಿಲ್ಲ, ಕೀಳಬೇಕು. ಕ್ಲೋರಿನ್ ಅದನ್ನು ತೆಗೆದುಕೊಂಡಾಗ ವಾಪಸು ಬರುವುದು 348.7. ಇನ್ನೂ 147.1 ಕಿಲೋಜೂಲ್ ಸಾಲ ಬಾಕಿ. ಇಷ್ಟಕ್ಕೇ ನಿಂತಿದ್ದರೆ ಉಪ್ಪು ಎಂಬುದೇ ಇರುತ್ತಿರಲಿಲ್ಲ. ಆ ಸಾಲ ತೀರುವುದು ಅಯಾನುಗಳು, ಅಂದರೆ ಹೀಗೆ ವಿದ್ಯುದಾವೇಶ ಹೊತ್ತ ಕಣಗಳು, ಸಾಲುಸಾಲಾಗಿ ಸ್ಫಟಿಕದಲ್ಲಿ ಕೂತಾಗ. ಆಗ 788 ಕಿಲೋಜೂಲ್ ಹೊರಬರುತ್ತದೆ. ಪಾಠದ ಜೀವ ಇರುವುದು ಈ ಕೊನೆಯ ಸಂಖ್ಯೆಯಲ್ಲಿ. ನಿನ್ನ ಸ್ಲೈಡಿನಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್, ನಡುವೆ ಬಾಣದ ಗುರುತು, ಮೇಲೊಂದು ಹೃದಯ. ಇದನ್ನು ನೋಡಿದ ಮಗು ಪರೀಕ್ಷೆಯಲ್ಲಿ ‘ಸೋಡಿಯಂ ಕ್ಲೋರೈಡ್ ಅಣು’ ಅಂತಲೇ ಬರೆಯುತ್ತದೆ, ಮತ್ತೇನು ಬರೆದೀತು? ಉಪ್ಪಿನ ಸ್ಫಟಿಕದಲ್ಲಿ ಜೋಡಿ ಎಂಬುದೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡು, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಯಾರಿಗೆ ಯಾರು ಕೊಟ್ಟರು ಅಂತ ಅಲ್ಲಿ ಹೋಗಿ ಕೇಳುವ ಹಾಗಿಲ್ಲ.

ಇನ್ನೊಂದು. ಹಿಂದಿನ ಬೆಂಚಿನ ಚುರುಕು ಹುಡುಗ ಎದ್ದುನಿಂತು, ‘ಸರ್, ಹಾಗಾದರೆ ಹೈಡ್ರೋಜನ್ ಫ್ಲೋರೈಡಿನಲ್ಲಿ ಫ್ಲೋರಿನ್ ಎಲೆಕ್ಟ್ರಾನನ್ನು ತನ್ನ ಕಡೆ ಎಳೆದುಕೊಳ್ಳುತ್ತದಲ್ಲ, ಅದು ಪಾಪವೇ?’ ಅಂದರೆ ಏನು ಹೇಳುತ್ತೀ? ಬಂಧದಲ್ಲಿ ಎಲೆಕ್ಟ್ರಾನನ್ನು ಯಾರು ಎಷ್ಟು ಸೆಳೆಯುತ್ತಾರೆ ಎಂದು ಅಳೆಯುವ ಪಾಲಿಂಗ್ ಮಾಪನದಲ್ಲಿ ಫ್ಲೋರಿನ್ ಎಲ್ಲಕ್ಕಿಂತ ಮೇಲೆ ಕೂತಿದೆ. ಫ್ಲೋರಿನ್ ವಿರುದ್ಧ ಒಂದು ಪ್ರಸಂಗ ಮಾಡಬೇಕಾದೀತು, ಜೋಪಾನ.

ಬೇಕಾದರೆ ಮ್ಯಾನೇಜ್‌ಮೆಂಟಿನವರಿಗೆ ಚಾರ್ಲ್ಸ್ ಕೋಲ್ಸನ್ ಎಂಬವರ ವಿಷಯ ಹೇಳು. ಇಂಗ್ಲೆಂಡಿನ ಡಡ್ಲಿಯಲ್ಲಿ 1910ರಲ್ಲಿ ಹುಟ್ಟಿದ ಇವರು ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆಗಿದ್ದರು. ಕ್ವಾಂಟಂ ಸಿದ್ಧಾಂತದಿಂದ ರಾಸಾಯನಿಕ ಬಂಧವನ್ನು ವಿವರಿಸಿದವರಲ್ಲಿ ಮುಂಚೂಣಿಯವರು. ‘ವೇಲೆನ್ಸ್’ ಎಂಬ ಅವರ ಪುಸ್ತಕ 1952ರಲ್ಲಿ ಬಂತು. ಅದೇ ಮನುಷ್ಯ ಮೆಥೊಡಿಸ್ಟ್ ಸಭೆಯಲ್ಲಿ ಪ್ರಸಂಗ ಮಾಡುತ್ತಿದ್ದವರು, 1960ರ ದಶಕದಲ್ಲಿ ಆಕ್ಸ್‌ಫಾಮ್ ಎಂಬ ಬರಪರಿಹಾರ ಸಂಸ್ಥೆಯ ಅಧ್ಯಕ್ಷರೂ ಆದವರು. ಇಷ್ಟು ಗಟ್ಟಿ ವಿಶ್ವಾಸಿಯಾಗಿದ್ದವರು ಎಲೆಕ್ಟ್ರಾನ್ ಜೋಡಿಯ ಕೆಳಗೆ ಬೈಬಲ್ ವಚನ ಅಂಟಿಸಲಿಲ್ಲ. ವಿಜ್ಞಾನಕ್ಕೆ ಇನ್ನೂ ಗೊತ್ತಿಲ್ಲದ ಸಂದಿಗಳಲ್ಲಿ ದೇವರನ್ನು ಕೂರಿಸುವ ಅಭ್ಯಾಸವನ್ನು 1955ರಲ್ಲಿ ಬರೆದ ಪುಸ್ತಕದಲ್ಲಿ ಬಲವಾಗಿ ವಿರೋಧಿಸಿದರು. ಸಂದಿ ಮುಚ್ಚುತ್ತ ಹೋದ ಹಾಗೆ ಆ ದೇವರೂ ಚಿಕ್ಕವನಾಗುತ್ತ ಹೋಗುತ್ತಾನೆ ಎಂಬುದು ಅವರ ಚಿಂತೆ. ಗೊತ್ತಿಲ್ಲದ್ದು ಎದುರಾದಾಗ ಇನ್ನೂ ಒಳ್ಳೆಯ ವಿಜ್ಞಾನಿಯಾಗುವುದೇ ಸರಿಯಾದ ದಾರಿ ಅಂದರು.

ನೀನು ಸ್ಲೈಡಿನಲ್ಲಿ ಹಾಕಿದ, ಸಮಸ್ತವೂ ಆತನಲ್ಲಿ ನೆಲೆನಿಂತಿದೆ ಎಂಬ ವಚನವನ್ನು ನಾನೂ ನಂಬುತ್ತೇನೆ. ಆದರೆ ಪೌಲನು ಕೂಲಂಬ್ ಆಕರ್ಷಣೆಗೆ, ಅಂದರೆ ಧನ ಋಣ ಆವೇಶಗಳ ಸೆಳೆತಕ್ಕೆ, ಬದಲಿ ವಿವರಣೆಯಾಗಿ ಅದನ್ನು ಬರೆದದ್ದಲ್ಲ. ಧನ ಅಯಾನು, ಋಣ ಅಯಾನು ಯಾಕೆ ಅಂಟಿಕೊಳ್ಳುತ್ತವೆ ಎಂಬುದಕ್ಕೆ ಉತ್ತರ ಇದೆ, ಅದು ಪೂರ್ತಿ ಉತ್ತರ, ಪರೀಕ್ಷೆಗೂ ಸಾಕು. ವಚನ ಆ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ನಿನ್ನ ಕ್ಲಾಸಿನಲ್ಲಿ ಕೂತವರು ಯಾರು ಅಂತಲೂ ನೋಡಿಕೋ. ಕ್ರೈಸ್ತ ಸಂಸ್ಥೆ ಹೌದು, ಆದರೆ ಹಾಜರಿ ಪುಸ್ತಕ ತೆರೆದರೆ ಎಲ್ಲ ಜಾತಿ ಮತದ ಹೆಸರೂ ಇರುತ್ತವೆ. ಸರಕಾರ ಮಾನ್ಯ ಮಾಡಿದ ಅಥವಾ ಅನುದಾನ ಕೊಡುವ ಶಿಕ್ಷಣ ಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು ಎಂದು ಸಂವಿಧಾನದ 28ನೇ ವಿಧಿಯ ಮೂರನೇ ಖಂಡ ಹೇಳುತ್ತದೆ. ಫಸ್ಟ್ ಪಿಯು ಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಅಪ್ರಾಪ್ತರೇ. ಬೆಳಗಿನ ಪ್ರಾರ್ಥನೆ ಬೇರೆ, ಬೈಬಲ್ ತರಗತಿ ಬೇರೆ, ಅವುಗಳಿಗೆ ಅವುಗಳದೇ ಹೊತ್ತು ಇದೆ. ಕೆಮಿಸ್ಟ್ರಿ ಪಿರಿಯಡ್ಡಿನಿಂದ ಎದ್ದುಹೋಗುವ ಸ್ವಾತಂತ್ರ್ಯ ಮಗುವಿಗಿಲ್ಲ. ಎದ್ದುಹೋಗಲಾಗದವರ ಮುಂದೆ ಸುವಾರ್ತೆ ಸಾರುವುದು ನನಗಂತೂ ಸುವಾರ್ತೆ ಅನ್ನಿಸುವುದಿಲ್ಲ. ನಮ್ಮ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರತಂದಾಗ ಅದರಲ್ಲಿ ಊರ ವರ್ತಮಾನ, ಸರಕಾರದ ನಿರೂಪ ಎಲ್ಲ ಇತ್ತು. ಅವರೂ ಮತಪ್ರಚಾರಕ್ಕೆ ಬಂದವರೇ. ಆದರೂ ಸುದ್ದಿಯನ್ನು ಸುದ್ದಿಯಾಗಿಯೇ ಕೊಟ್ಟರು.

ಹಾಗಾದರೆ ಕ್ರಿಸ್ತೀಯತನ ಎಲ್ಲಿ ಕಾಣಬೇಕು ಅಂತ ಕೇಳುತ್ತೀ. ನಿನ್ನ ಲ್ಯಾಬಿನಲ್ಲಿ ಒಂದು ಸಿಸ್ಟಂಗೆ ನಾಲ್ಕು ಮಕ್ಕಳು ಅಂತ ಬರೆದಿದ್ದೀಯಲ್ಲ, ಅಲ್ಲಿ. ಮೌಸ್ ಯಾರ ಕೈಯಲ್ಲಿದೆ ನೋಡು. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಹುಡುಗ ಬಂದ ಕೂಡಲೇ ಮೌಸ್ ಹಿಡಿಯುತ್ತಾನೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹಳ್ಳಿಯಿಂದ ಬಂದ ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ಪರದೆ ನೋಡುತ್ತಾಳೆ. ಹತ್ತನೇ ಕ್ಲಾಸಿನಲ್ಲಿ ಸಹವೇಲೆನ್ಸೀಯ ಬಂಧದ ಪಾಠಕ್ಕೆ ಪೂರ್ತಿ ಅಂಕ ತೆಗೆದವಳೇ ಅವಳು. ಈಗ ಅದೇ ವಿಷಯ ಇಂಗ್ಲಿಷಿನಲ್ಲಿ ಓಡುವಾಗ ಬಾಯಿ ಕಟ್ಟಿಹೋಗಿದೆ. ನಾಲ್ವರ ಹೆಸರಿನಲ್ಲಿ ಒಂದು ಸ್ಲೈಡ್ ಸಿದ್ಧವಾಗುತ್ತದೆ, ಮಾಡಿದವನು ಒಬ್ಬ. ಇದಕ್ಕೆ ಸಹಯೋಗ ಅಂತ ಹೆಸರಿಟ್ಟು ನಾವು ವರದಿ ಬರೆಯುತ್ತೇವೆ.

ಆದ್ದರಿಂದ ನಾಲ್ವರಿಗೂ ಬೇರೆ ಬೇರೆ ಕೆಲಸ ಕೊಡು, ಮತ್ತು ಒಬ್ಬರ ಕೆಲಸ ಇನ್ನೊಬ್ಬರಿಲ್ಲದೆ ಮುಗಿಯದ ಹಾಗೆ ಕೊಡು. ಒಬ್ಬರು ಹೊರಕವಚದ ವೇಲೆನ್ಸ್ ಎಲೆಕ್ಟ್ರಾನ್ ಎಣಿಸಲಿ, ಒಬ್ಬರು ಅವನ್ನು ಚುಕ್ಕಿಗಳಲ್ಲಿ ತೋರಿಸುವ ಲೂಯಿಸ್ ರಚನೆ ಬಿಡಿಸಲಿ, ಒಬ್ಬರು ಆಕಾರ ಊಹಿಸಲಿ, ಒಬ್ಬರು ಆ ಊಹೆಯನ್ನು ಪ್ರಶ್ನಿಸಲಿ. ಮುಂದಿನ ಅಣುವಿಗೆ ಕೆಲಸ ಬದಲಾಗಲಿ, ಮೌಸೂ ಕೈ ಬದಲಾಯಿಸಲಿ. ಕನ್ನಡದಲ್ಲಿ ಬರೆಯುವವರು ಕನ್ನಡದಲ್ಲೇ ಬರೆಯಲಿ, ಪಕ್ಕದವರು ಇಂಗ್ಲಿಷ್ ಸೇರಿಸಲಿ. ಕಣ್ಣು ಕೈಗೆ ‘ನೀನು ನನಗೆ ಬೇಡ’ ಅನ್ನಲಾರದು ಎಂದು ಕೊರಿಂಥದವರಿಗೆ ಬರೆದದ್ದು ನಿನಗೆ ಗೊತ್ತಲ್ಲ. ಅದನ್ನು ಸ್ಲೈಡಿನಲ್ಲಿ ಹಾಕಬೇಡ, ಕುರ್ಚಿ ಹಾಕುವಾಗ ನೆನಪಿಟ್ಟುಕೋ.

ಗೂಗಲ್ ಸ್ಲೈಡಿನಲ್ಲಿ ವರ್ಷನ್ ಹಿಸ್ಟರಿ ಎಂಬುದಿದೆ, ಯಾರು ಯಾವಾಗ ಏನು ಬರೆದರು ಅಂತ ತೋರಿಸುತ್ತದೆ. ಪ್ರತಿ ಮಗು ತನ್ನ ಲಾಗಿನ್ನಿನಲ್ಲೇ ಬರೆದರೆ ಮಾತ್ರ ಅದಕ್ಕೆ ಅರ್ಥ. ಅದನ್ನು ಪೊಲೀಸರ ಡೈರಿ ಮಾಡಬೇಡ. ದೊಡ್ಡ ಪರದೆಯ ಮೇಲೆ ತೆರೆದು ‘ನೋಡಿ, ಇವಳು ಏನೂ ಮಾಡಿಲ್ಲ’ ಅಂತ ತೋರಿಸಿದರೆ ಆ ಮಗು ಮುಂದೆಂದೂ ಬರೆಯುವುದಿಲ್ಲ. ಸಂಜೆ ಒಬ್ಬನೇ ಕೂತು ನೋಡು. ಯಾರ ಹೆಸರು ಕಾಣಲಿಲ್ಲವೋ ಅವರ ಹತ್ತಿರ ಮರುದಿನ ಮೊದಲು ಹೋಗು. ಕೆಲವೊಮ್ಮೆ ವಿಚಿತ್ರ ಸಂಗತಿಯೂ ಕಾಣುತ್ತದೆ: ಒಂದು ಮಗು ಸರಿಯಾದ ಉತ್ತರ ಬರೆದಿರುತ್ತದೆ, ಜೋರಾಗಿ ಮಾತಾಡುವವನು ಬಂದು ಅಳಿಸಿ ತಪ್ಪು ಉತ್ತರ ಹಾಕಿರುತ್ತಾನೆ. ಸಾಧಾರಣ ಗುಂಪು ಚರ್ಚೆಯಲ್ಲಿ ಇದು ಮೇಷ್ಟ್ರ ಕಣ್ಣಿಗೆ ಬೀಳುವುದೇ ಇಲ್ಲ. ತಂತ್ರಜ್ಞಾನಕ್ಕೆ ಖರ್ಚು ಮಾಡಿದ ಹಣ ಸಾರ್ಥಕ ಅಂತ ನನಗನ್ನಿಸುವುದು ಇಂಥಲ್ಲಿ. ಅಂಕ ಕೊಡುವಾಗಲೂ ಗುಂಪಿಗೆ ಸ್ವಲ್ಪ, ಒಬ್ಬೊಬ್ಬರಿಗೆ ಹೆಚ್ಚು.

ಲಾಗಿನ್ ಮಾಡಿಸುವ ಮುಂಚೆ ಮನೆಯವರ ಒಪ್ಪಿಗೆ ಪತ್ರ ತರಿಸು. ಹದಿನೆಂಟು ತುಂಬದವರ ಡಿಜಿಟಲ್ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಕಾಯ್ದೆ ಬಂದಿದೆ. ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಕಾಲೇಜಿನ ಖಾತೆಗಳನ್ನೇ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ನಿಮ್ಮಲ್ಲಿ ಮಕ್ಕಳು ಮೊಬೈಲ್ ತರುವಂತಿಲ್ಲ ಎಂಬುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಪ್ಲಿಕರ್ಸ್ ಎಂಬ ಆ್ಯಪ್ ಇದೆ. ಮಕ್ಕಳ ಕೈಗೆ ಮುದ್ರಿಸಿದ ರಟ್ಟಿನ ಕಾರ್ಡು, ಎ ಬಿ ಸಿ ಡಿ ಯಾವುದು ಮೇಲೆ ಬರುವಂತೆ ಹಿಡಿಯುತ್ತಾರೋ ಅದೇ ಉತ್ತರ. ನಿನ್ನ ಒಂದು ಫೋನಿನಿಂದ ಇಡೀ ಕ್ಲಾಸನ್ನು ಸ್ಕ್ಯಾನ್ ಮಾಡಬಹುದು. ಪಕ್ಕದವರ ಉತ್ತರ ಪಕ್ಕದವರಿಗೆ ಸುಲಭವಾಗಿ ಗೊತ್ತಾಗುವುದಿಲ್ಲ, ಆದ್ದರಿಂದ ನಾಚಿಕೆಯವರೂ ಕೈ ಎತ್ತುತ್ತಾರೆ. ಮೊದಲು ಒಬ್ಬೊಬ್ಬರೇ ಉತ್ತರಿಸಲಿ, ಆಮೇಲೆ ಪಕ್ಕದವರೊಡನೆ ವಾದ ಮಾಡಲಿ, ಆಮೇಲೆ ಮತ್ತೆ ಕಾರ್ಡು. ಹಾರ್ವರ್ಡಿನ ಎರಿಕ್ ಮಝೂರ್ ಭೌತಶಾಸ್ತ್ರದ ತರಗತಿಯಲ್ಲಿ ಬೆಳೆಸಿದ ಕ್ರಮ ಇದು. ಎರಡು ಎಣಿಕೆಗಳ ನಡುವೆ ಏನು ಬದಲಾಯಿತು ಎಂಬುದರಲ್ಲಿ ನಿನಗೆ ಬೇಕಾದ ಮಾಹಿತಿ ಸಿಗುತ್ತದೆ. ಬಂಧ ಮುರಿದಾಗ ಶಕ್ತಿ ಹೊರಬರುತ್ತದೋ, ಕೊಡಬೇಕಾಗುತ್ತದೋ ಅಂತ ಕೇಳಿ ನೋಡು. ಒಳಗೆ ಶಕ್ತಿ ತುಂಬಿಟ್ಟಿದೆ, ಮುರಿದರೆ ಸುರಿಯುತ್ತದೆ ಅಂತ ಅರ್ಧ ಕ್ಲಾಸಾದರೂ ನಂಬಿರುತ್ತದೆ. ಹೈಡ್ರೋಜನ್ ಅಣುವಿನ ಬಂಧ ಮುರಿಯಲು ಮೋಲ್‌ಗೆ 435.8 ಕಿಲೋಜೂಲ್ ಬೇಕು ಎಂದು ನೀನು ಬಾಯಲ್ಲಿ ಹೇಳಿದರೆ ಬರೆದುಕೊಳ್ಳುತ್ತಾರೆ, ನಂಬುವುದಿಲ್ಲ. ವಾದ ಮಾಡಿ ಸೋತ ಮೇಲೆ ನಂಬುತ್ತಾರೆ.

ಅಣುಗಳ ಆಕಾರಗಳಿಗೆ ಫೆಟ್ ಎಂಬ ಕಂಪ್ಯೂಟರ್ ಸಿಮ್ಯುಲೇಶನ್ ಹಾಕಿದ್ದೀ, ಒಳ್ಳೆಯದು. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ್ದು, ಉಚಿತ. ಆದರೆ ಫೈಲನ್ನು ಮೊದಲೇ ಡೌನ್‌ಲೋಡ್ ಮಾಡಿ ಎಲ್ಲ ಸಿಸ್ಟಂಗೂ ಹಾಕಿಡು, ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಇಂಟರ್ನೆಟ್ಟಿನ ಮೇಲೆ ಭರವಸೆ ಇಟ್ಟವನು ಪಿರಿಯಡ್ ಪೂರ್ತಿ ಚಕ್ರ ತಿರುಗುವುದನ್ನು ನೋಡುತ್ತ ಕೂರಬೇಕು. ಯಾವುದೇ ಒಂದು ಆ್ಯಪಿಗೆ ಜೋತುಬೀಳಬೇಡ. ಎಷ್ಟೋ ಮೇಷ್ಟ್ರುಗಳು ಪಾಠ ಕಟ್ಟಿಟ್ಟಿದ್ದ ಜ್ಯಾಮ್‌ಬೋರ್ಡ್ ಎಂಬ ಡಿಜಿಟಲ್ ಹಲಗೆಯನ್ನು ಗೂಗಲ್‌ನವರು 2024ರ ಕೊನೆಗೆ ಮುಚ್ಚಿಬಿಟ್ಟರು.

ಸಿಮ್ಯುಲೇಶನ್ ತೆರೆಯುವ ಮುಂಚೆ ಕಾಗದದ ಮೇಲೆ ಊಹೆ ಬರೆಸು. ಪರದೆ ಮೊದಲು ಬಂದರೆ ಯೋಚನೆ ಬರುವುದಿಲ್ಲ. ಆಮೇಲೆ ನಿಜವಾದ ಅಣುಗಳಿರುವ ಭಾಗದಲ್ಲಿ ನೀರನ್ನು ತೆರೆಸು. ಅಲ್ಲಿ ‘ರಿಯಲ್’, ‘ಮಾಡೆಲ್’ ಎಂಬ ಎರಡು ಗುಂಡಿ. ಮಾಡೆಲ್ ಒತ್ತಿದರೆ 109.5 ಡಿಗ್ರಿ, ರಿಯಲ್ ಒತ್ತಿದರೆ 104.5. ಯಾಕೆ ಈ ಐದು ಡಿಗ್ರಿ ಅಂತ ಕೇಳಿ ನೀನು ಬಾಯಿ ಮುಚ್ಚಿಕೋ. ಬಂಧವಿಲ್ಲದ ಎಲೆಕ್ಟ್ರಾನ್ ಜೋಡಿಗಳು ಒತ್ತುತ್ತವೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರ ಜತೆಗೆ ಇನ್ನೊಂದೂ ತಲೆಗೆ ಹೋಗಬೇಕು: ಪರದೆಯ ಮೇಲಿನ ಕಡ್ಡಿ ನಾವು ಮಾಡಿಕೊಂಡ ಚಿತ್ರ. ಬಂಧವನ್ನು ಯಾರೂ ಕಣ್ಣಾರೆ ಕಂಡಿಲ್ಲ, ಅದು ನಮ್ಮ ಕಲ್ಪನೆಯ ಸೃಷ್ಟಿ ಅಂತ ಆ ಕೋಲ್ಸನ್ನೇ ಹೇಳಿದ್ದರು. ಜೀವಮಾನವೆಲ್ಲ ಬಂಧದ ಮೇಲೆ ಕೆಲಸ ಮಾಡಿದವರ ಬಾಯಲ್ಲಿ ಈ ಮಾತು! ತನ್ನ ಮಾದರಿ ಎಷ್ಟು ದೂರ ನಿಜ, ಎಲ್ಲಿಂದ ನಿಜವಲ್ಲ ಅಂತ ಹೇಳುವ ಪ್ರಾಮಾಣಿಕತೆ ಮೌಲ್ಯವಲ್ಲವೇ? ಮ್ಯಾನೇಜ್‌ಮೆಂಟಿನವರು ಇನ್ಸ್‌ಪೆಕ್ಷನ್ನಿಗೆ ಬಂದಾಗ ಇದನ್ನು ತೋರಿಸು.

ಐದನೇ ಸ್ಲೈಡಿನ ಜಾಗದಲ್ಲಿ ಈ ಪ್ರಶ್ನೆ ಹಾಕು. ಅಮೋನಿಯದಲ್ಲೂ ನೈಟ್ರೋಜನ್ ಟ್ರೈಫ್ಲೋರೈಡಿನಲ್ಲೂ ನೈಟ್ರೋಜನ್ನಿಗೆ ಮೂರು ಬಂಧ, ಬಂಧದಲ್ಲಿ ಸೇರದ ಒಂದು ಒಂಟಿ ಎಲೆಕ್ಟ್ರಾನ್ ಜೋಡಿ, ಆಕಾರವೂ ಒಂದೇ. ಫ್ಲೋರಿನ್ ಅಷ್ಟು ಜೋರಾಗಿ ಎಳೆಯುವುದರಿಂದ ಎರಡನೆಯದರ ದ್ವಿಧ್ರುವ ಮಹತ್ವ, ಅಂದರೆ ಅಣುವಿನ ಧನ ಋಣ ತುದಿಗಳ ಅಸಮತೋಲನದ ಅಳತೆ, ಹೆಚ್ಚಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ನಿಜದಲ್ಲಿ ಅಮೋನಿಯದ್ದು 1.47 ಡಿಬೈ (ಅದನ್ನು ಅಳೆಯುವ ಮಾನ), ಟ್ರೈಫ್ಲೋರೈಡಿನದ್ದು ಬರೀ 0.23. ಅಮೋನಿಯದಲ್ಲಿ ಒಂಟಿ ಜೋಡಿಯ ದಿಕ್ಕೂ ಬಂಧಗಳ ಒಟ್ಟು ದಿಕ್ಕೂ ಒಂದೇ ಕಡೆ, ಇನ್ನೊಂದರಲ್ಲಿ ಎದುರುಬದುರು. ಬಾಣಗಳನ್ನು ಬಿಡಿಸದೆ ಇದು ಬಗೆಹರಿಯದು, ಒಬ್ಬರಿಂದ ಆಗುವುದೂ ಕಷ್ಟ. ಉತ್ತರ ಹೇಳಿಬಿಡಬೇಡ. ಗಂಟೆ ಹೊಡೆದರೆ ಹೊಡೆಯಲಿ, ಹಾಸ್ಟೆಲಿನಲ್ಲಿ ಊಟದ ಹೊತ್ತಿಗೂ ಜಗಳವಾಡಲಿ.

ಸ್ಲೈಡ್ ತಿದ್ದಿ ಮತ್ತೆ ಕಳಿಸು. ಆ ಸ್ಮಾರ್ಟ್ ಬೋರ್ಡಿಗೆ ಎಷ್ಟಾಯಿತು ಅಂತ ನಿನ್ನ ದೊಡ್ಡಪ್ಪ ಕೇಳುತ್ತಿದ್ದಾರೆ, ಅದನ್ನೂ ಬರೆ.

ನಿನ್ನ ದೊಡ್ಡಮ್ಮ